ವಹಿಯ ಒಂದು ಸಾಲಿಗೆ ಎಷ್ಟು ದರ?

ಇಂಡಿ ತಾಲ್ಲೂಕಿನ ಸಾಲೋಟಗಿ ಇಂದು ಹೆಚ್ಚಿನವರಿಗೆ ಗೊತ್ತಿರುವುದು ಶಿವಯೋಗೇಶ್ವರನ ಗುಡಿಯಿಂದ. ಸಾವಿರ ವರ್ಷಗಳ ಹಿಂದೆ ಈ ಊರಿನ ಹೆಸರು ಪಾವಿಟ್ಟಗೆ. ರಾಷ್ಟ್ರಕೂಟ ದೊರೆ ಮುಮ್ಮಡಿ ಕೃಷ್ಣನ ಮಂತ್ರಿ ನಾರಾಯಣನು ಇಲ್ಲಿ ಒಂದು ಶಾಲೆಯನ್ನು ಕಟ್ಟಿಸಿದ. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ 27 ವಸತಿಗಳಿದ್ದವು, ದೀಪದ ಖರ್ಚಿಗೆಂದೇ 12 ನಿವರ್ತನ ಭೂಮಿಯಿತ್ತು. ಇದನ್ನೆಲ್ಲ ಹೇಳುವುದು ಕ್ರಿ.ಶ. 945ರ ಒಂದು ಕಂಬಶಾಸನ.

ಭೂದಾನದ ವಿವರ ಯಾವ ಶಾಸನದಲ್ಲಿಲ್ಲ? ಸಾಲೋಟಗಿಯ ಕಂಬದಲ್ಲಿ ವಿಶೇಷವಾದದ್ದು ಬೇರೆ ಇದೆ. ಊರಿನ ಬ್ರಾಹ್ಮಣ ಗೃಹಸ್ಥರು ತಮ್ಮ ಮನೆಯಲ್ಲಿ ಮದುವೆಯಾದಾಗ ಶಾಲೆಗೆ ಐದು ನಾಣ್ಯ, ಉಪನಯನವಾದಾಗ ಅದರ ಅರ್ಧ, ಚೌಲವಾದಾಗ ಅದರಲ್ಲೂ ಅರ್ಧ ಕೊಡಬೇಕೆಂದು ಒಪ್ಪಿಕೊಂಡರು. ಕಾರ್ಯ ದೊಡ್ಡದಾದರೆ ದರ ದೊಡ್ಡದು, ಸಣ್ಣದಾದರೆ ಸಣ್ಣದು. ದರ ಎಷ್ಟು, ಯಾರು ಕೊಡಬೇಕು, ಯಾತಕ್ಕೆ ಹೋಗುತ್ತದೆ, ಮೂರೂ ಕಲ್ಲಿನ ಮೇಲೆ ಎಲ್ಲರಿಗೂ ಕಾಣುವಂತಿವೆ. ಎಲ್ಲರಿಗೂ ಎಂಬ ಮಾತನ್ನು ಸ್ವಲ್ಪ ತಡೆದು ಹೇಳಬೇಕು. ಅಗ್ರಹಾರದ ಹೊರಗಿನವರಿಗೆ ಆ ಶಾಲೆಯೂ ಇರಲಿಲ್ಲ, ಆ ಲೆಕ್ಕದಲ್ಲಿ ಜಾಗವೂ ಇರಲಿಲ್ಲ. ಎರಡು ಶತಮಾನಗಳ ನಂತರ ಇದೇ ಸೀಮೆಯ ಬಾಗೇವಾಡಿಯ ಹುಡುಗನೊಬ್ಬ ಆ ಉಪನಯನವನ್ನೇ ಒಲ್ಲೆನೆಂದು ಮನೆ ಬಿಟ್ಟನೆಂದು ಪುರಾಣಗಳು ಹೇಳುತ್ತವೆ. ಅವನು ಮುಂದೆ ಬಿಜ್ಜಳನ ಭಂಡಾರಿಯಾಗಿ ಲೆಕ್ಕಪತ್ರಗಳನ್ನು ನೋಡಿಕೊಂಡ ಬಸವಣ್ಣ.

ಈ ಹಳೆಯ ಕಂಬವನ್ನು ನೆನೆಯಲು ಕಾರಣ, ಇಂದು ಮೊಬೈಲಿನಲ್ಲಿ ಬಿಟ್‌ಕಾಯಿನ್ ನೋಡುವ ಹುಡುಗರು ಕೇಳುವ ಪ್ರಶ್ನೆ. ಹಣ ಕಳಿಸಿದರೆ ನಡುವೆ ಕಡಿತವೇಕೆ? ಕೆಲವು ಕಡೆ ಖಾತೆ ತೆರೆಯಲೂ ದುಡ್ಡು ಕೇಳುತ್ತಾರಲ್ಲ, ಅದು ಯಾರ ಕೈ ಸೇರುತ್ತದೆ? ಬ್ಲಾಕ್‌ಚೈನ್ ಎಂಬುದು ಹೊಸದು. ಆದರೆ ಹಲವರಿಗೆ ಸೇರಿದ ವಹಿಯಲ್ಲಿ ಒಂದು ಸಾಲು ಬರೆಸಲು ಏನು ತೆರಬೇಕೆಂಬ ಪ್ರಶ್ನೆಗೆ ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳಲ್ಲಿ ದೀರ್ಘವಾದ ಇತಿಹಾಸವೇ ಇದೆ.

ಖಾತೆ ಎಂಬ ಮಾತನ್ನೇ ನೋಡಿ. ಬ್ಯಾಂಕಿನಲ್ಲಿರುವುದೂ ಖಾತೆ, ಹೊಲ ನಮ್ಮ ಹೆಸರಿಗೆ ಆದರೆ ಅದೂ ಖಾತೆ. ಈ ಸೀಮೆ ಮುಂಬಯಿ ಪ್ರಾಂತದಲ್ಲಿದ್ದಾಗ ಊರಿನ ಲೆಕ್ಕ ಕುಲಕರ್ಣಿಯ ಕೈಯಲ್ಲಿತ್ತು. ಅವನದು ವಂಶಪಾರಂಪರ್ಯದ ವತನ. ರೈತ ಅವನಿಗೆ ಸಾಲಿಗಿಷ್ಟು ಎಂದು ಕೊಡುತ್ತಿರಲಿಲ್ಲ. ವತನದ ಭೂಮಿಯಿತ್ತು, ಸುಗ್ಗಿಯಲ್ಲಿ ಕಣದಿಂದ ಆಯ ಹೋಗುತ್ತಿತ್ತು. ಇಂದಿನ ಮಾತಿನಲ್ಲಿ ಇದು ವಾರ್ಷಿಕ ಚಂದಾ. ಆದರೆ ದಫ್ತರದ ಬಹುಭಾಗ ಮೋಡಿ ಲಿಪಿಯಲ್ಲಿತ್ತು. ತನ್ನ ಹೊಲದ ಬಗ್ಗೆ ಏನು ಬರೆದಿದೆ ಎಂದು ಓದಿ ತಿಳಿಯುವ ಶಕ್ತಿ ಎಷ್ಟು ರೈತರಿಗಿತ್ತು? ಓದಲಾರದ ವಹಿಯ ಮುಂದೆ ನಿಂತವನು ಕೇಳಿದಷ್ಟು ಕೊಡುತ್ತಾನೆ. 1903ರಲ್ಲಿ ಮುಂಬಯಿ ಸರಕಾರ ಹಕ್ಕುದಾಖಲೆಯ ಕಾಯಿದೆ ತಂದಿತು. ಸ್ವಾತಂತ್ರ್ಯಾನಂತರ ಕುಲಕರ್ಣಿ ವತನ ರದ್ದಾಗಿ ತಲಾಠಿ ಬಂದ. ಫೇರಫಾರದ ನೋಂದಿಗೆ ಕಾಗದದ ಮೇಲಿನ ದರ ಬೇರೆ, ಚಾವಡಿಯಲ್ಲಿ ತೆರುವ ದರ ಬೇರೆ ಎಂಬ ಸ್ಥಿತಿ ಮಾತ್ರ ಹಾಗೇ ಮುಂದುವರಿಯಿತು.

ಇದು ಬರಿಯ ಕಾಗದದ ಮಾತಲ್ಲ. ಆಲಮಟ್ಟಿ, ನಾರಾಯಣಪುರ ಜಲಾಶಯಗಳ ಹಿನ್ನೀರು ಬಾಗೇವಾಡಿ, ಮುದ್ದೇಬಿಹಾಳ ಭಾಗದ ಹೊಲಗಳನ್ನು ನುಂಗಿದಾಗ ಪರಿಹಾರದ ಚೆಕ್ಕು ಹುಡುಕಿದ್ದು ಉತಾರದಲ್ಲಿದ್ದ ಹೆಸರನ್ನು. ಅಜ್ಜ ಸತ್ತು ಎಷ್ಟೋ ವರ್ಷವಾದರೂ ವಾರಸಾ ಮಾಡಿಸದ ಮನೆಗಳಿದ್ದವು. ಓಡಾಟ, ಕೂಲಿ ನಷ್ಟ, ಕೈಬಿಸಿ ಎಲ್ಲ ಸೇರಿ ಆ ಒಂದು ಸಾಲು ಅವರಿಗೆ ದುಬಾರಿಯೆನಿಸಿತ್ತು. 2000ದ ಸುಮಾರಿಗೆ ಭೂಮಿ ಯೋಜನೆ ಬಂತು. 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಏರಿದವು. ಉತಾರದ ಪ್ರತಿಗೆ 15 ರೂಪಾಯಿ ಎಂದು ಗೊತ್ತುಮಾಡಿದರು. ದರವನ್ನು ಗೋಡೆಯ ಮೇಲೆ ಬರೆದದ್ದು ಕಂಪ್ಯೂಟರಿಗಿಂತ ಸಣ್ಣ ಬದಲಾವಣೆಯೇನಲ್ಲ ಎಂದು ನನ್ನ ಅಭಿಪ್ರಾಯ.

ಈಗ ಬ್ಲಾಕ್‌ಚೈನಿಗೆ ಬರೋಣ. ತಾಳಿಕೋಟಿಯ ಪೇಟೆಯಲ್ಲಿ ಒಬ್ಬ ವ್ಯಾಪಾರಿಯ ಕೀರ್ದಿಯನ್ನು ಊಹಿಸಿಕೊಳ್ಳಿ. ಅವನ ಕೀರ್ದಿಯ ಪ್ರತಿ ಬೀದಿಯ ಪ್ರತಿ ಅಂಗಡಿಯಲ್ಲೂ ಇದೆ; ಒಬ್ಬ ಒಂದು ಸಾಲು ಬರೆದರೆ ಎಲ್ಲರೂ ತಾಳೆ ನೋಡಿ ತಮ್ಮ ಪ್ರತಿಯಲ್ಲೂ ಬರೆಯುತ್ತಾರೆ. ಒಂದು ಪುಟ ತುಂಬಿದ ಮೇಲೆ ಅದರ ಗುರುತನ್ನು ಮುಂದಿನ ಪುಟದ ತಲೆಯ ಮೇಲೆ ಹಾಕುವುದರಿಂದ ನಡುವಿನ ಪುಟವನ್ನು ಯಾರೂ ಗುಟ್ಟಾಗಿ ತಿದ್ದಲಾಗದು. ಪುಟಕ್ಕೆ ಬ್ಲಾಕ್ ಎಂದೂ, ಪುಟಗಳ ಕೊಂಡಿಗೆ ಚೈನ್ ಎಂದೂ ಹೆಸರು. ವ್ಯಾಪಾರಿ ದೀಪಾವಳಿಗೆ ಹೊಸ ವಹಿ ಪೂಜಿಸಿ ಹಳೆಯದನ್ನು ಅಟ್ಟಕ್ಕೆ ಹಾಕುತ್ತಾನೆ. ಇಲ್ಲಿ ಅಟ್ಟವೇ ಇಲ್ಲ. ಬಿಟ್‌ಕಾಯಿನ್ ಜಾಲದಲ್ಲಿ 2009ರ ಜನವರಿ 3ರ ಮೊದಲ ಪುಟದಿಂದ ಇಂದಿನವರೆಗಿನ ಎಲ್ಲ ಸಾಲುಗಳನ್ನೂ ಜಗತ್ತಿನ ಸಾವಿರಾರು ಕಂಪ್ಯೂಟರುಗಳು ಇಟ್ಟುಕೊಂಡಿವೆ.

ಪುಟ ಸಣ್ಣದು, ಬರುವುದು ನಿಧಾನ. ಬಿಟ್‌ಕಾಯಿನ್‌ನಲ್ಲಿ ಸರಾಸರಿ ಹತ್ತು ನಿಮಿಷಕ್ಕೆ ಒಂದು ಪುಟ, ಅದರಲ್ಲಿ ಕೆಲವೇ ಸಾವಿರ ಸಾಲುಗಳಿಗೆ ಜಾಗ. ಪುಟ ಬರೆಯುವವರನ್ನು ಮೈನರುಗಳೆನ್ನುತ್ತಾರೆ. ಅವರಿಗೆ ಎರಡು ಆದಾಯ: ಪುಟಕ್ಕೆ ಸಿಗುವ ಹೊಸ ನಾಣ್ಯ, ಮತ್ತು ಸಾಲು ಬರೆಸುವವರು ಕೊಡುವ ಶುಲ್ಕ. ಹೊಸ ನಾಣ್ಯ 2009ರಲ್ಲಿ ಪುಟಕ್ಕೆ 50 ಇತ್ತು. ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧವಾಗುತ್ತ 2024ರ ಏಪ್ರಿಲಿನಿಂದ 3.125ಕ್ಕೆ ಇಳಿದಿದೆ. ಒಟ್ಟು ನಾಣ್ಯ 2 ಕೋಟಿ 10 ಲಕ್ಷ ಮೀರುವಂತಿಲ್ಲ. ಅಂದಮೇಲೆ ಮುಂದೊಂದು ದಿನ ವಹಿ ನಡೆಯಬೇಕಾದದ್ದು ಶುಲ್ಕದ ಮೇಲೆಯೇ.

ಈ ಶುಲ್ಕದ ಬಗೆ ವಿಚಿತ್ರ. ಕಳಿಸುವ ಹಣದ ಮೊತ್ತಕ್ಕೂ ಅದಕ್ಕೂ ಸಂಬಂಧವಿಲ್ಲ. ಜಮೀನು ಕೊಂಡರೆ ಕೊಡುವ ಮುದ್ರಾಂಕ ಶುಲ್ಕ ಬೆಲೆಯ ಮೇಲೆ ಏರುತ್ತದೆ, ಇದು ಹಾಗಲ್ಲ. ಚಾಲುಕ್ಯರ ಕಾಲದ ಸುಂಕಗಳಲ್ಲಿ ಎತ್ತಿನ ಹೇರಿಗಿಷ್ಟು ಎಂಬ ಲೆಕ್ಕವಿರುತ್ತಿತ್ತಲ್ಲ, ಅದಕ್ಕೆ ಇದು ಹತ್ತಿರ. ವಹಿಯಲ್ಲಿ ನಿಮ್ಮ ಸಾಲು ಎಷ್ಟು ಜಾಗ ಹಿಡಿಯುತ್ತದೆ ಎಂಬುದೇ ತೂಕ. ಒಂದೇ ಸಲ ಒಂದು ಕೋಟಿ ಪಡೆದವನು ಅದನ್ನು ಮುಂದೆ ಸಾಗಿಸಿದರೆ ಸಾಲು ಚಿಕ್ಕದು. ನೂರು ಸಲ ನೂರು ನೂರು ರೂಪಾಯಿ ಪಡೆದು ಕೂಡಿಸಿದವನು ಆ ಹತ್ತು ಸಾವಿರ ಸಾಗಿಸಿದರೆ, ನೂರು ತುಣುಕುಗಳ ಹುಟ್ಟನ್ನೂ ಹೆಸರಿಸಬೇಕಾಗಿ ಸಾಲು ಉದ್ದವಾಗುತ್ತದೆ. ಕೋಟ್ಯಧೀಶನಿಗಿಂತ ಅವನ ಸುಂಕವೇ ಹೆಚ್ಚು.

ದರ ಸ್ಥಿರವೂ ಅಲ್ಲ, ಅದೊಂದು ಸವಾಲು. ಜಾಗ ಕಡಿಮೆ, ಬರೆಸುವವರು ಹೆಚ್ಚು ಎಂದಾಗ ಹೆಚ್ಚು ಕೂಗಿದವನ ಸಾಲು ಮೊದಲು. 2017ರ ಡಿಸೆಂಬರಿನಲ್ಲಿ ಬಿಟ್‌ಕಾಯಿನ್ ಬೆಲೆ ಏರಿ ಜನ ಮುಗಿಬಿದ್ದಾಗ ಸರಾಸರಿ ಶುಲ್ಕ 50 ಡಾಲರ್ ದಾಟಿತು, ಆಗಿನ ದರದಲ್ಲಿ 3,200 ರೂಪಾಯಿಗೂ ಹೆಚ್ಚು. ಮರುವರ್ಷ ಸಂತೆ ಮುಗಿದ ಮೇಲೆ ಅದೇ ಸಾಲಿಗೆ ಒಂದು ಡಾಲರಿಗಿಂತ ಕಡಿಮೆ ಸಾಕಾದ ದಿನಗಳು ಎಷ್ಟೋ.

ಈ 3,200 ರೂಪಾಯಿಯನ್ನು ನಮ್ಮ ಕಡೆಯ ಗುಳೆಯ ಪಕ್ಕದಲ್ಲಿಟ್ಟು ನೋಡಬೇಕು. ಸಿಂದಗಿ, ಮುದ್ದೇಬಿಹಾಳದ ಕಡೆಯಿಂದ ಗೋವೆಗೆ, ಪುಣೆ-ಮುಂಬಯಿಗೆ ದುಡಿಯಲು ಹೋದವರು ಮನೆಗೆ ಹಣ ಕಳಿಸುತ್ತಿದ್ದುದು ಅಂಚೆಯ ಮನಿಯಾರ್ಡರಿನಲ್ಲಿ. 20 ರೂಪಾಯಿಗೆ 1 ರೂಪಾಯಿ ಎಂಬುದು ಅದರ ಬಹುಕಾಲದ ದರ. ಶೇಕಡಾ 5 ಕಡಿಮೆಯೇನಲ್ಲ. ಆದರೂ 500 ಕಳಿಸಿದರೆ 25, 100 ಕಳಿಸಿದರೆ 5. ಬಡವನ ಶುಲ್ಕ ಅವನ ಹಣದಷ್ಟೇ ಬಡವಾಗಿರುತ್ತಿತ್ತು. ಬೈಟಿನ ಲೆಕ್ಕದ ವಹಿಯಲ್ಲಿ ಆ 500 ರೂಪಾಯಿ 2017ರ ಡಿಸೆಂಬರಿನಲ್ಲಿ ಹೊರಡುವಂತೆಯೇ ಇರಲಿಲ್ಲ. ಮಧ್ಯವರ್ತಿಯಿಲ್ಲದೆ ಸಾಮಾನ್ಯನ ಕೈಗೆ ಹಣ ಎಂದು ಹೊರಟದ್ದು ಸಾಮಾನ್ಯನ ಸಣ್ಣ ಮೊತ್ತವನ್ನೇ ಬಾಗಿಲಲ್ಲಿ ನಿಲ್ಲಿಸಿತು. ಇಂದು ಅದೇ ಕೂಲಿಕಾರ ಯುಪಿಐಯಲ್ಲಿ ಪುಕ್ಕಟೆ ಕಳಿಸುತ್ತಾನೆ ಎನ್ನಬಹುದು, ನಿಜ. ಆದರೆ ಶುಲ್ಕವಿಲ್ಲವೆಂದರೆ ಖರ್ಚಿಲ್ಲವೆಂದಲ್ಲ. ಆ ಖರ್ಚನ್ನು ಬ್ಯಾಂಕುಗಳೂ ಸರಕಾರದ ಬೊಕ್ಕಸವೂ ಹೊತ್ತಿವೆ.

2015ರಲ್ಲಿ ಬಂದ ಈಥೀರಿಯಂ ಜಾಲದಲ್ಲಿ ತೂಗುವುದು ಜಾಗವನ್ನಷ್ಟೇ ಅಲ್ಲ, ಕಂಪ್ಯೂಟರಿನ ಶ್ರಮವನ್ನೂ. ಆ ಅಳತೆಗೆ ಗ್ಯಾಸ್ ಎಂದು ಹೆಸರು. ಸಾದಾ ವರ್ಗಾವಣೆಗೆ 21,000 ಗ್ಯಾಸ್ ಬೇಕು. ವಹಿಯಲ್ಲಿ ಹೊಸ ಸಂಗತಿಯೊಂದನ್ನು ಶಾಶ್ವತವಾಗಿ ಇಡಬೇಕಾದರೆ ಅದೊಂದಕ್ಕೇ ಮತ್ತೆ ಸುಮಾರು 20,000. ಗ್ಯಾಸಿನ ಬೆಲೆ ಮಾತ್ರ ಗಳಿಗೆಗೊಂದು. ಕೆಲಸ ಅರ್ಧಕ್ಕೇ ಕೆಟ್ಟರೂ ಮಾಡಿದ ಶ್ರಮದ ಶುಲ್ಕ ವಾಪಸು ಬಾರದು. ಸವಾಲಿನ ಗೊಂದಲ ತಗ್ಗಿಸಲು 2021ರ ಆಗಸ್ಟಿನಲ್ಲಿ ಅವರು ನಿಯಮ ಬದಲಿಸಿದರು. ಪ್ರತಿ ಪುಟಕ್ಕೂ ಒಂದು ಮೂಲದರವನ್ನು ಜಾಲವೇ ಮೊದಲು ಸಾರುತ್ತದೆ; ಬೇಗ ಆಗಬೇಕೆಂದವನು ಮೇಲೆ ಬಕ್ಷೀಸು ಕೊಡಬಹುದು. ಮೂಲದರದ ಹಣ ಯಾರಿಗೂ ಸೇರದೆ ನಾಶವಾಗುತ್ತದೆ. ದರ ಏರಿಸುವುದರಿಂದ ಬರೆಯುವವನಿಗೇ ಲಾಭವಾಗಬಾರದೆಂಬುದು ಇದರ ಹಿಂದಿನ ಒಂದು ಯೋಚನೆ. ಕುಲಕರ್ಣಿಯ ಚಾವಡಿಯನ್ನು ಬಲ್ಲವರಿಗೆ ಇದು ಬೇಗ ಅರ್ಥವಾದೀತು.

ಇನ್ನು ಖಾತೆ ತೆರೆಯುವ ಖರ್ಚು. ಬಿಟ್‌ಕಾಯಿನ್, ಈಥೀರಿಯಂಗಳಲ್ಲಿ ಖಾತೆಗೆ ಕಾಸಿಲ್ಲ. ಅದು ನಿಮ್ಮ ಮೊಬೈಲು ತಾನೇ ಹುಟ್ಟಿಸಿಕೊಳ್ಳುವ ಒಂದು ದೊಡ್ಡ ಸಂಖ್ಯೆ. ವಹಿಯಲ್ಲಿ ಅದರ ಹೆಸರು ಬರುವುದು ಮೊದಲ ಹಣ ಬಂದಾಗ. ನಮ್ಮ ದೇಶದ ವಿನಿಮಯ ಕಂಪನಿಗಳಲ್ಲಿ ಆಧಾರ್, ಪ್ಯಾನ್ ಕೊಟ್ಟು ತೆರೆಯುವುದು ಬೇರೆಯದೇ ಖಾತೆ. ಅದು ಆ ಕಂಪನಿಯ ಸ್ವಂತ ವಹಿಯಲ್ಲಿರುತ್ತದೆ, ದಲಾಲಿ ಅಂಗಡಿಯಲ್ಲಿ ನಮ್ಮ ಹೆಸರಿನ ಪುಟವಿದ್ದ ಹಾಗೆ. ಮಾರಿದಾಗ ಶೇಕಡಾ 1ರಂತೆ ಮೂಲದಲ್ಲೇ ಮುರಿದುಕೊಳ್ಳುವುದು 2022ರ ಜುಲೈಯಿಂದ ಜಾರಿಯಾದ ಸರಕಾರದ ತೆರಿಗೆ. ಅದನ್ನು ಜಾಲದ ಶುಲ್ಕವೆಂದು ತಿಳಿಯಬಾರದು.

ಆದರೆ ಎಕ್ಸ್‌ಆರ್‌ಪಿ ಲೆಡ್ಜರ್, ಸ್ಟೆಲ್ಲಾರ್‌ನಂಥ ಜಾಲಗಳಲ್ಲಿ ಖಾತೆಯೇ ವಹಿಯ ಒಂದು ಪುಟ. ಪುಟ ಬೇಕೆಂದರೆ ಅದರಲ್ಲಿ ಕನಿಷ್ಠ ಠೇವಣಿ ಇಡಬೇಕು. ಸ್ಟೆಲ್ಲಾರ್‌ನಲ್ಲಿ ಅದು 1 ಲ್ಯೂಮೆನ್. ಇದೇಕೆ? ಮೊದಲು ನಮ್ಮಲ್ಲಿ ಬ್ಯಾಂಕಿನ ಖಾತೆ ತೆರೆಯಲು ಹೋದರೆ ಹಣಕ್ಕಿಂತ ಮೊದಲು ಕೇಳುತ್ತಿದ್ದುದು ಪರಿಚಯದವರ ಸಹಿಯನ್ನು. ಆ ಬ್ಯಾಂಕಿನಲ್ಲಿ ಆಗಲೇ ಖಾತೆಯಿದ್ದವರು ಇವನನ್ನು ಬಲ್ಲೆ ಎಂದು ರುಜು ಹಾಕಬೇಕಿತ್ತು. ಹೊಲವಿಲ್ಲದ, ಪೇಟೆಯ ಪರಿಚಯವಿಲ್ಲದ ಆಳಿಗೆ ಆ ಒಂದು ರುಜುವೇ ದೊಡ್ಡ ದರ. ರಿಸರ್ವ್ ಬ್ಯಾಂಕು 2005ರಲ್ಲಿ ಸರಳ ಖಾತೆಗಳಿಗೆ ದಾರಿ ಮಾಡಿದ ಮೇಲೆ, 2014ರ ಜನಧನದ ನಂತರವಂತೂ, ಆ ಬಾಗಿಲು ತೆರೆಯಿತು. ಬ್ಲಾಕ್‌ಚೈನಿನಲ್ಲಿ ಪರಿಚಯ ಹೇಳುವವರಿಲ್ಲ, ಆಧಾರ್ ಇಲ್ಲ. ಒಬ್ಬನೇ ಕುಳಿತು ಲಕ್ಷ ಸುಳ್ಳು ಖಾತೆ ಹುಟ್ಟಿಸಿದರೂ ತಡೆಯುವವರಿಲ್ಲ, ಅಷ್ಟನ್ನೂ ಎಲ್ಲ ಕಂಪ್ಯೂಟರುಗಳು ಹೊರಬೇಕು. ಮನುಷ್ಯನ ಜಾಮೀನಿಲ್ಲದ ಕಡೆ ದುಡ್ಡಿನ ಜಾಮೀನು ಕೇಳುತ್ತಾರೆ.

ಈ ಠೇವಣಿಯನ್ನು ನಾಣ್ಯದ ಲೆಕ್ಕದಲ್ಲಿ ಗೊತ್ತುಮಾಡುವುದರಿಂದ ಒಂದು ತೊಡಕಿದೆ. ನಾಣ್ಯದ ಬೆಲೆ ಹತ್ತುಪಟ್ಟಾದರೆ ಹೊಸಬನ ಖಾತೆಯ ಖರ್ಚೂ ಹತ್ತುಪಟ್ಟು. ಎಕ್ಸ್‌ಆರ್‌ಪಿ ಜಾಲದಲ್ಲಿ ಠೇವಣಿ 10 ನಾಣ್ಯವಿತ್ತು. 2024ರ ಕೊನೆಯಲ್ಲಿ ಬೆಲೆ ಜಿಗಿದಾಗ, ವಹಿಯನ್ನು ತಾಳೆ ನೋಡುವ ಕಂಪ್ಯೂಟರುಗಳ ಒಡೆಯರು ಮತ ಹಾಕಿ ಡಿಸೆಂಬರಿನಲ್ಲಿ ಅದನ್ನು 1ಕ್ಕೆ ಇಳಿಸಿದರು. ಸಾಲೋಟಗಿಯಲ್ಲಿ ದರ ಒಪ್ಪಿದವರೂ ಕೊಡುವವರೂ ಅದೇ ಮನೆಗಳವರು. ಇಲ್ಲಿ ಖಾತೆ ತೆರೆಯಲು ಬರುವವನಿಗೆ ಆ ಮತವಿಲ್ಲ. ಖಾತೆ ಬೇಡವೆಂದರೆ ಮುಚ್ಚಿ ಉಳಿದ ನಾಣ್ಯವನ್ನು ಬೇರೆ ಖಾತೆಗೆ ಕಳಿಸಿಕೊಳ್ಳಬಹುದು. ಹಾಗೆ ಮುಚ್ಚುವುದಕ್ಕೂ ಒಂದು ಶುಲ್ಕವಿದೆ: ಮೊದಲು 2 ನಾಣ್ಯ, ಈಗ 0.2.