ಪಾಸ್ತಾ (ಗೃಹಪಾಕ)

ಗೋಧಿಯ ಹಿಟ್ಟನ್ನಾಗಲಿ ರವೆಯನ್ನಾಗಲಿ ನೀರಿನಿಂದಲೋ ಮೊಟ್ಟೆಯಿಂದಲೋ ಕಲಸಿ, ಚೆನ್ನಾಗಿ ನಾದಿ, ತೆಳುವಾದ ಹಾಳೆಯಾಗಿ ಲಟ್ಟಿಸಿ ಕತ್ತರಿಸಿ ಅಥವಾ ಬೆರಳುಗಳಿಂದಲೇ ನಾನಾ ಆಕಾರಗಳಿಗೆ ತಂದು, ಉಪ್ಪು ಬೆರೆತ ಕುದಿನೀರಿನಲ್ಲಿ ಬೇಯಿಸಿ, ತಕ್ಕ ವ್ಯಂಜನದೊಡನೆ ಉಣ್ಣುವ ಇಟಲಿ ದೇಶದ ಪ್ರಧಾನಾಹಾರ. ಕಾರ್ಖಾನೆಗಳಲ್ಲಿ ಅಚ್ಚುಗಳ ಮೂಲಕ ಒತ್ತಿ, ಒಣಗಿಸಿ, ಪೊಟ್ಟಣ ಕಟ್ಟಿ ಮಾರುವ ಶುಷ್ಕ ಪಾಸ್ತಾ ಇಂದು ಜಗತ್ತಿಗೆಲ್ಲ ಪರಿಚಿತವಾಗಿದ್ದರೂ, ಅಡುಗೆಮನೆಯ ಹಲಗೆಯ ಮೇಲೆ ಅಂದಂದಿಗೆ ಸಿದ್ಧವಾಗುವ ಹಸಿ ಪಾಸ್ತಾ ತನ್ನದೇ ಆದ ಧರ್ಮವುಳ್ಳ ಬೇರೊಂದು ಪದಾರ್ಥ; ಒಂದನ್ನು ಇನ್ನೊಂದರ ಕೀಳು ಅಥವಾ ಮೇಲು ರೂಪವೆಂದು ತಿಳಿಯುವುದು ಯುಕ್ತವಲ್ಲ. ಈ ಲೇಖನದ ವಸ್ತು ಮನೆಯಲ್ಲಿ ಕೈಯಿಂದ ಮಾಡುವ ಪಾಸ್ತಾ.

ಈ ಆಹಾರವನ್ನು ವೆನಿಸ್ಸಿನ ಯಾತ್ರಿಕ ಮಾರ್ಕೊ ಪೋಲೊ ಚೀನದಿಂದ ತಂದನೆಂಬ ಮಾತು ಬಹುಕಾಲದಿಂದ ಪ್ರಚಾರದಲ್ಲಿದೆ. ಅಮೆರಿಕದ ಪಾಸ್ತಾ ತಯಾರಕರ ಪತ್ರಿಕೆಯೊಂದು 1929ರಲ್ಲಿ ಪ್ರಕಟಿಸಿದ ಕಲ್ಪಿತ ಕಥೆಯಿಂದ ಅದಕ್ಕೆ ವಿಶೇಷ ಪುಷ್ಟಿ ದೊರೆಯಿತು. ಕಾಲಗಣನೆಯ ಮುಂದೆ ಮಾತ್ರ ಅದು ನಿಲ್ಲದು. ಪೋಲೊ ಸ್ವದೇಶಕ್ಕೆ ಮರಳಿದುದು 1295ರಲ್ಲಿ; ಜಿನೋವ ನಗರದ ಪತ್ರಲೇಖಕನೊಬ್ಬನು 1279ರಷ್ಟು ಹಿಂದೆಯೇ ಸೈನಿಕನೊಬ್ಬನ ಸ್ವತ್ತುಗಳನ್ನು ಪಟ್ಟಿ ಮಾಡುವಾಗ ಮೆಕರೋನಿ ತುಂಬಿದ ಪೆಟ್ಟಿಗೆಯೊಂದನ್ನು ಅದರಲ್ಲಿ ಸೇರಿಸಿದ್ದಾನೆ. ಅದಕ್ಕೂ ಮೊದಲು, 1154ರಲ್ಲಿ, ಸಿಸಿಲಿಯ ದೊರೆ ಎರಡನೆಯ ರೋಜರನ ಆಶ್ರಯದಲ್ಲಿದ್ದ ಭೂಗೋಳಜ್ಞ ಅಲ್ ಇದ್ರೀಸಿಯು ಪಲೆರ್ಮೋ ಸಮೀಪದ ತ್ರಾಬಿಯ ಎಂಬ ಊರಿನಲ್ಲಿ ಹಿಟ್ಟಿನಿಂದ ಎಳೆಗಳನ್ನು ಮಾಡಿ ಹಡಗುಗಳಲ್ಲಿ ಕಲಾಬ್ರಿಯಕ್ಕೂ ಮುಸಲ್ಮಾನ, ಕ್ರೈಸ್ತ ದೇಶಗಳಿಗೂ ಕಳುಹಿಸುತ್ತಿದ್ದರೆಂದು ಬರೆದಿದ್ದಾನೆ. ಹದಿನೈದನೆಯ ಶತಮಾನದ ಪ್ರಸಿದ್ಧ ಬಾಣಸಿಗ ಮಾರ್ತೀನೊ ತನ್ನ ಪಾಕಗ್ರಂಥದಲ್ಲಿ ಹಿಟ್ಟನ್ನು ಮೊಟ್ಟೆಯ ಬಿಳಿ ಮತ್ತು ಪನ್ನೀರಿನಿಂದ ಕಲಸಿ, ಕಬ್ಬಿಣದ ತಂತಿಯ ಸುತ್ತ ಹೊಸೆದು, ಬಿಸಿಲಿನಲ್ಲಿ ಒಣಗಿಸುವ ಸಿಸಿಲಿಯ ಮೆಕರೋನಿಯನ್ನು ವರ್ಣಿಸಿ, ಅದನ್ನು 2 ಗಂಟೆಗಳ ಕಾಲ ಬೇಯಿಸಬೇಕೆಂದು ವಿಧಿಸಿದ್ದಾನೆ. ಬೆಂದ ಪಾಸ್ತಾದಲ್ಲಿ ಹಲ್ಲಿಗೆ ತುಸು ಬಿಗಿ ಉಳಿದಿರಬೇಕೆಂದು ಇಂದು ಹಠ ಹಿಡಿಯುವ ಇಟಲಿಯವರ ಪೂರ್ವಜರ ರುಚಿ ಹೀಗಿತ್ತೆಂಬುದು ಸ್ವಾರಸ್ಯದ ಸಂಗತಿ.

ಮನೆಯ ಪಾಸ್ತಾದ ಸ್ವರೂಪವನ್ನು ನಿರ್ಣಯಿಸುವುದು ಮುಖ್ಯವಾಗಿ ಗೋಧಿಯ ಜಾತಿ. ಉತ್ತರ ಇಟಲಿಯ ಪೋ ನದಿಯ ಬಯಲಿನಲ್ಲಿ ಬೆಳೆಯುವುದು ಮೃದು ಗೋಧಿ; ಇದನ್ನು ನುಣ್ಣಗೆ ಬೀಸಿ, ತೌಡನ್ನು ಸಂಪೂರ್ಣವಾಗಿ ಜರಡಿ ಹಿಡಿದ ಬಿಳಿಯ ಹಿಟ್ಟಿಗೆ ಅಲ್ಲಿನ ವ್ಯವಹಾರದಲ್ಲಿ 00 ಎಂಬ ಗುರುತಿದೆ. ಈ ಗುರುತು ಹಿಟ್ಟಿನ ಶುದ್ಧಿಯನ್ನು ಸೂಚಿಸುತ್ತದೆಯೇ ಹೊರತು ಅದರ ಜಿಗುಟನ್ನಲ್ಲ. ನಮ್ಮ ಅಂಗಡಿಗಳ ಮೈದಾ ಇದಕ್ಕೆ ಸಮೀಪದ್ದು. ದಕ್ಷಿಣದ ಪುಲಿಯ, ಸಿಸಿಲಿ ಮೊದಲಾದ ಬಿಸಿಲು ಹೆಚ್ಚಾದ, ಮಳೆ ಕಡಮೆಯಾದ ಪ್ರಾಂತಗಳಲ್ಲಾದರೋ ಡ್ಯೂರಮ್ ಎಂಬ ಗಟ್ಟಿ ಗೋಧಿಯದೇ ಆಧಿಪತ್ಯ. ಸಾಮಾನ್ಯ ಗೋಧಿಯಲ್ಲಿ 42 ವರ್ಣತಂತುಗಳಿದ್ದರೆ ಇದರಲ್ಲಿ 28. ಕಾಳು ಗಾಜಿನಂತೆ ಪಾರಕ, ಬೀಸಿದರೆ ಹಿಟ್ಟಾಗದೆ ಹಳದಿಯ ರವೆಯಾಗಿ ಒಡೆಯುವಂಥದು. ತಳಿವಿಜ್ಞಾನಿ ನಜರೇನೊ ಸ್ತ್ರಾಂಪೆಲ್ಲಿಯು ಉತ್ತರ ಆಫ್ರಿಕದ ಮೂಲದಿಂದ ಆಯ್ದು 1915ರಲ್ಲಿ ಹೊರತಂದ ಸೆನಾತೋರೆ ಕಪ್ಪೆಲ್ಲಿ ಎಂಬ ತಳಿ ಹಲವು ದಶಕಗಳ ಕಾಲ ದಕ್ಷಿಣದ ಹೊಲಗಳನ್ನು ಆಳಿತು. ಶುಷ್ಕ ಪಾಸ್ತಾವನ್ನು ಡ್ಯೂರಮ್ ಗೋಧಿಯಿಂದಲೇ ಮಾಡತಕ್ಕದ್ದೆಂದು ಇಟಲಿಯ 1967ರ ಶಾಸನವೊಂದು ವಿಧಿಸಿತು. ಮನೆಯ ಹಲಗೆಗೆ ಅಂಥ ಶಾಸನವಿಲ್ಲ.

ಈ ಗಟ್ಟಿ ಗೋಧಿ ಕನ್ನಡಿಗರಿಗೆ ಅಪರಿಚಿತವೇನೂ ಅಲ್ಲ. ವಿಜಯಪುರ, ಧಾರವಾಡ, ಬೆಳಗಾವಿ ಜಿಲ್ಲೆಗಳ ಎರೆಭೂಮಿಯಲ್ಲಿ ಮಳೆಯಾಶ್ರಯದಲ್ಲಿ ಡ್ಯೂರಮ್ ಗೋಧಿಯನ್ನೂ ಅದರ ಸಮೀಪದ ಬಂಧುವಾದ ಜವೆಗೋಧಿಯನ್ನೂ ಬೆಳೆಯುತ್ತ ಬಂದಿದ್ದಾರೆ; ಅಲ್ಲಿನ ಹೆಣ್ಣುಮಕ್ಕಳು ಬೇಸಗೆಯಲ್ಲಿ ಈ ಗೋಧಿಗಳ ರವೆಯನ್ನು ನೆನೆಸಿ, ನಾದಿ, ಹೊಸೆದು, ಒಣಗಿಸುವ ಶಾವಿಗೆಯೂ ದಕ್ಷಿಣ ಇಟಲಿಯ ಪಾಸ್ತಾವೂ ಒಂದೇ ತತ್ತ್ವವನ್ನು ಅವಲಂಬಿಸಿವೆ. ಮೊಟ್ಟೆಯ ನೆರವಿಲ್ಲದೆ ಬರಿಯ ನೀರಿನಿಂದಲೇ ಎಳೆ ಕಟ್ಟಿಕೊಳ್ಳುವ ಶಕ್ತಿ ಆ ಕಾಳಿನಲ್ಲಿಯೇ ಇದೆ. ಪೇಟೆಯ ಚಿರೋಟಿ ರವೆ ಬಹುಮಟ್ಟಿಗೆ ಸಾಮಾನ್ಯ ಗೋಧಿಯದಾದುದರಿಂದ ಅದರಿಂದ ಇದೇ ಫಲವನ್ನು ನಿರೀಕ್ಷಿಸಲಾಗದು.

ಹಿಟ್ಟಿನ ಈ ಅಂಟುಗುಣಕ್ಕೆ ಕಾರಣವಾದ ಗ್ಲೂಟನ್ ಎಂಬ ವಸ್ತುವನ್ನು ಮೊದಲು ಬೇರ್ಪಡಿಸಿ ತೋರಿಸಿದ ಕೀರ್ತಿ ಪಾಸ್ತಾದ ರಾಜಧಾನಿಯೆನ್ನಬಹುದಾದ ಬೊಲೋನ್ಯ ನಗರದ ವಿದ್ವಾಂಸನಿಗೇ ಸಂದಿದೆ. ಜಾಕೊಪೊ ಬಾರ್ತೊಲೊಮೆಯೊ ಬೆಕ್ಕಾರಿಯು ಗೋಧಿಹಿಟ್ಟಿನ ಕಣಕವನ್ನು ನೀರಿನಲ್ಲಿ ತೊಳೆದು, ಪಿಷ್ಟವೆಲ್ಲ ಹರಿದುಹೋದ ಮೇಲೆ ಕೈಯಲ್ಲುಳಿದ ಜಿಗುಟಾದ ಮುದ್ದೆಯನ್ನು ಪರೀಕ್ಷಿಸಿ, ಅದು ಪ್ರಾಣಿಜನ್ಯ ಪದಾರ್ಥಗಳ ಗುಣವನ್ನು ಹೋಲುವುದನ್ನು ಕಂಡುಕೊಂಡನು. ಅವನ ಶೋಧದ ವಿವರ 1745ರಲ್ಲಿ ಅಚ್ಚಾಯಿತು. ಆ ಮುದ್ದೆಯಲ್ಲಿ ಗ್ಲೂಟನಿನ್, ಗ್ಲಯಡಿನ್ ಎಂಬ ಎರಡು ಬಗೆಯ ಪ್ರೋಟೀನುಗಳಿದ್ದು, ಮೊದಲನೆಯದು ಕಣಕಕ್ಕೆ ಎಳೆದರೆ ಹಿಂದಕ್ಕೆ ಸೇದಿಕೊಳ್ಳುವ ಬಿಗಿಯನ್ನೂ ಎರಡನೆಯದು ಹರಿಯದೆ ಹಿಗ್ಗುವ ಸಡಿಲವನ್ನೂ ಕೊಡುತ್ತವೆ. ನೀರು ಸೇರಿ ನಾದಿದಾಗ ಇವು ಬಲೆಯಂತೆ ಹೆಣೆದುಕೊಂಡು ಪಿಷ್ಟದ ಕಣಗಳನ್ನು ಸೆರೆಹಿಡಿಯುತ್ತವೆ. ಮೃದು ಗೋಧಿಯಲ್ಲಿ ಈ ಬಲೆ ದುರ್ಬಲ. ಕುದಿನೀರಿನಲ್ಲಿ ಹೆಪ್ಪುಗಟ್ಟುವ ಮೊಟ್ಟೆಯ ಪ್ರೋಟೀನು ಆ ಕೊರತೆಯನ್ನು ತುಂಬಿ ಪಾಸ್ತಾ ಕರಗಿ ಹೋಗದಂತೆ ಕಾಯುತ್ತದೆ. ಉತ್ತರದಲ್ಲಿ ಮೊಟ್ಟೆಯೂ ದಕ್ಷಿಣದಲ್ಲಿ ನೀರೂ ರೂಢಿಗೆ ಬಂದುದಕ್ಕೆ ಉತ್ತರದ ಸಂಪತ್ತನ್ನು ಮಾತ್ರವೇ ಕಾರಣವೆನ್ನುವವರು ಕಾಳಿನ ಈ ಸ್ವಭಾವವನ್ನು ಮರೆಯುತ್ತಾರೆ.

ಮೊಟ್ಟೆಯ ಪಾಸ್ತಾಕ್ಕೆ ಎಮಿಲಿಯ-ರೊಮಾನ್ಯ ಪ್ರಾಂತವೇ ತವರು. 100 ಗ್ರಾಮ್ ಹಿಟ್ಟಿಗೆ 1 ಮೊಟ್ಟೆ ಎಂಬುದು ಅಲ್ಲಿನ ಗೃಹಿಣಿಯರ ಸಾಮಾನ್ಯ ಪ್ರಮಾಣ. ನೀರಿಲ್ಲ, ಎಣ್ಣೆಯಿಲ್ಲ, ಅನೇಕರಲ್ಲಿ ಉಪ್ಪೂ ಇಲ್ಲ. ಪಕ್ಕದ ಪಿಯೆಮೊಂತೆಯಲ್ಲಿ ತಾಯರಿನ್ ಎಂಬ ಸಣ್ಣೆಳೆಯ ಪಾಸ್ತಾಕ್ಕೆ ಮೊಟ್ಟೆಯ ಬಿಳಿಯನ್ನು ತೆಗೆದಿರಿಸಿ, ಒಂದು ಕಿಲೋಗ್ರಾಮ್ ಹಿಟ್ಟಿಗೆ 30 ಹಳದಿಗಳನ್ನು, ಕೆಲವೊಮ್ಮೆ ಇನ್ನೂ ಹೆಚ್ಚಾಗಿ, ಸುರಿಯುವುದುಂಟು. ಮರದ ವಿಶಾಲವಾದ ಹಲಗೆಯ ಮೇಲೆ ಹಿಟ್ಟನ್ನು ರಾಶಿ ಹಾಕಿ, ನಡುವೆ ಗುಂಡಿ ತೋಡಿ, ಮೊಟ್ಟೆಗಳನ್ನು ಅದರೊಳಗೆ ಒಡೆದು ಹಾಕಿ, ಮುಳ್ಳುಚಮಚೆಯಿಂದ ಕಡೆಯುತ್ತ ಒಳಗೋಡೆಯ ಹಿಟ್ಟನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿಕೊಳ್ಳಬೇಕು. ಗೋಡೆ ಒಂದು ಕಡೆ ಒಡೆಯಿತೆಂದರೆ ಹಳದಿಯ ಪ್ರವಾಹ ಹಲಗೆಯಂಚಿಗೆ ಧಾವಿಸುವುದರಿಂದ ಎಡಗೈ ಹೊರಗಿನಿಂದ ಆನಿಕೊಂಡಿರುವುದು ವಿಹಿತ. ಮಿಶ್ರಣ ದಪ್ಪವಾದೊಡನೆ ಚಮಚೆಯನ್ನು ಬಿಟ್ಟು ಕೈಯಿಂದ ಒಗ್ಗೂಡಿಸಿ, ಹಲಗೆಗಂಟಿದ ಚೂರುಗಳನ್ನು ಕೆರೆದು ತೆಗೆದು, ಅಂಗೈಯ ಬುಡದಿಂದ ಮುಂದಕ್ಕೆ ಒತ್ತುತ್ತ, ಮಡಿಸುತ್ತ, ಕಾಲು ಸುತ್ತು ತಿರುಗಿಸುತ್ತ 10ರಿಂದ 15 ನಿಮಿಷಗಳವರೆಗೆ ನಾದಬೇಕು. ಮೊದಮೊದಲು ಒರಟಾಗಿ, ಬಿರುಕು ಬಿರುಕಾಗಿ, ಇನ್ನು ಕೂಡಿಬರುವುದೇ ಇಲ್ಲವೆಂಬಂತೆ ತೋರುವ ಕಣಕ ಕ್ರಮೇಣ ನುಣುಪಾಗಿ, ಬೆರಳಿನಿಂದ ಅದುಮಿದ ಕುಳಿ ತಾನಾಗಿ ಮೇಲೇಳುವ ಸ್ಥಿತಿಗೆ ಬರುತ್ತದೆ. ಚಪಾತಿಯ ಹಿಟ್ಟಿಗಿಂತ ಗಟ್ಟಿಯಾಗಿ ಪೂರಿಯ ಹಿಟ್ಟಿಗೆ ಸಮೀಪವಾದ ಹದ. ಮೊಟ್ಟೆಯ ಗಾತ್ರ, ಹಿಟ್ಟು ಹೀರುವ ತೇವ, ಹವೆಯ ಆರ್ದ್ರತೆ ಇವು ದಿನದಿನಕ್ಕೂ ವ್ಯತ್ಯಾಸವಾಗುವುದರಿಂದ ತಕ್ಕಡಿಯ ಲೆಕ್ಕ ಆರಂಭಕ್ಕೆ ಮಾತ್ರ ದಾರಿ ತೋರಿಸೀತು. ಕೊನೆಯ ಹಿಡಿ ಹಿಟ್ಟನ್ನು ಸೇರಿಸಬೇಕೇ ಬೇಡವೇ ಎಂಬುದನ್ನು ಹೇಳಬಲ್ಲುದು ಕೈಯೊಂದೇ. ಕಣಕವನ್ನು ಮುಚ್ಚಿ ಅರ್ಧ ಗಂಟೆ ಇಟ್ಟರೆ ನಾದುವಿಕೆಯಿಂದ ಬಿಗಿದುಕೊಂಡ ಗ್ಲೂಟನ್ ಸಡಿಲಗೊಳ್ಳುತ್ತದೆ. ಇದನ್ನು ತಪ್ಪಿಸಿದರೆ ಲಟ್ಟಿಸಿದಷ್ಟೂ ಹಾಳೆ ಹಿಂದಕ್ಕೆ ಕುಗ್ಗುತ್ತದೆ.

ಲಟ್ಟಿಸುವುದೇ ಈ ಕಲೆಯ ಪರೀಕ್ಷಾಸ್ಥಾನ. ಎಮಿಲಿಯದ ಮತ್ತರೆಲ್ಲೊ ಎಂಬ ಲಟ್ಟಣಿಗೆ ಹಿಡಿಯಿಲ್ಲದ, ಸಮಗಾತ್ರದ, ಒಂದು ಮೀಟರಿನವರೆಗೂ ಉದ್ದವಾದ ಮರದ ಕೋಲು. ಕಣಕದ ಉಂಡೆಯನ್ನು ಚಪ್ಪಟೆ ಮಾಡಿ, ನಡುವಿನಿಂದ ಅಂಚಿನ ಕಡೆಗೆ ಲಟ್ಟಿಸುತ್ತ, ಪ್ರತಿಸಲವೂ ಸ್ವಲ್ಪ ತಿರುಗಿಸುತ್ತ, ಹಾಳೆ ದೊಡ್ಡದಾದ ಮೇಲೆ ಅದರ ಒಂದಂಚನ್ನು ಕೋಲಿಗೆ ಸುತ್ತಿ, ಎರಡು ಅಂಗೈಗಳನ್ನೂ ಕೋಲಿನ ಮಧ್ಯದಿಂದ ತುದಿಗಳತ್ತ ಸರಿಸುತ್ತ ಉರುಳಿಸಿದಾಗ ಹಾಳೆ ಉದ್ದಕ್ಕೂ ಅಗಲಕ್ಕೂ ಏಕಕಾಲದಲ್ಲಿ ಹಿಗ್ಗುತ್ತದೆ. ಅಮೃತಶಿಲೆಯ ಮೇಲಲ್ಲದೆ ಮರದ ಮೇಲೆ ಲಟ್ಟಿಸುವುದಕ್ಕೆ ಕಾರಣವುಂಟು: ಮರದ ಸೂಕ್ಷ್ಮವಾದ ತರಿ ಹಾಳೆಗೆ ಇಳಿದು, ಮುಂದೆ ವ್ಯಂಜನ ಜಾರಿಹೋಗದೆ ಅಂಟಿಕೊಳ್ಳುತ್ತದೆ. ಸಿದ್ಧವಾದ ಹಾಳೆಯನ್ನು ಕಿಟಕಿಗೆ ಹಿಡಿದರೆ ಆಚೆಯ ಗುಡ್ಡದ ಮೇಲಿನ ಸಾನ್ ಲೂಕಾ ದೇವಾಲಯ ಅದರ ಮೂಲಕ ಕಾಣಬೇಕೆಂದು ಬೊಲೋನ್ಯದಲ್ಲಿ ಹೇಳುವುದುಂಟು. ಹೀಗೆ ಹಾಳೆ ಲಟ್ಟಿಸುವುದನ್ನೇ ವೃತ್ತಿಯಾಗಿ ಕೈಕೊಂಡ ಸ್ತ್ರೀಯರು ಆ ನಗರದ ಅಂಗಡಿಗಳಲ್ಲಿ ಇಂದಿಗೂ ಇದ್ದಾರೆ. ಅವರಿಗೆ ಸ್ಫೊಲ್ಯೀನಾ ಎಂಬ ಹೆಸರು. ಉರುಳೆಗಳ ನಡುವೆ ಕಣಕವನ್ನು ಹಾಯಿಸುವ ಕೈಯಂತ್ರ ಇಪ್ಪತ್ತನೆಯ ಶತಮಾನದಲ್ಲಿ ಮನೆಗಳನ್ನು ಹೊಕ್ಕು ಶ್ರಮವನ್ನು ಬಹಳ ತಗ್ಗಿಸಿತೆಂಬುದು ನಿಜ; ಆದರೆ ಅದರಿಂದ ಬರುವ ಹಾಳೆ ಒತ್ತಡಕ್ಕೆ ಸಿಕ್ಕಿ ಬಹಳ ನುಣುಪಾಗುವುದರಿಂದ, ವೇಳೆಯುಳ್ಳವರು ಕೋಲನ್ನೇ ಹಿಡಿಯುವುದು ಲೇಸು.

ಹಾಳೆಯನ್ನು ಕೆಲವು ನಿಮಿಷ ಆರಲು ಬಿಟ್ಟು, ಅಂಟದಷ್ಟು ಒಣಗಿಯೂ ಮಡಿಸಿದರೆ ಮುರಿಯದಷ್ಟು ಮೆತ್ತಗಿರುವಾಗ ಸುರುಳಿ ಸುತ್ತಿ ಚಾಕುವಿನಿಂದ ಪಟ್ಟಿಪಟ್ಟಿಯಾಗಿ ಕತ್ತರಿಸಿದರೆ ತಾಲ್ಯತೆಲ್ಲೆ ಸಿದ್ಧವಾಯಿತು. ಇದರ ಅಗಲದ ವಿಷಯದಲ್ಲಿ ಬೊಲೋನ್ಯದವರ ನಿಷ್ಠೆ ಅಸಾಧಾರಣವಾದುದು. 1972ರ ಏಪ್ರಿಲ್ 16ರಂದು ಇಟಲಿಯ ಪಾಕ ಅಕಾಡೆಮಿಯ ಸ್ಥಳೀಯ ಶಾಖೆಯವರು ನಗರದ ವಾಣಿಜ್ಯ ಮಂಡಲಿಯಲ್ಲಿ ಚಿನ್ನದ ತಾಲ್ಯತೆಲ್ಲೆಯೊಂದನ್ನು ಇರಿಸಿ, ಬೆಂದಾಗ ಅದರ ಅಗಲ 8 ಮಿಲಿಮೀಟರ್ ಇರತಕ್ಕದ್ದೆಂದೂ ಅದು ನಗರದ ಅಸಿನೆಲ್ಲಿ ಗೋಪುರದ ಎತ್ತರದ 12,270ನೆಯ ಒಂದು ಭಾಗವೆಂದೂ ನಿರ್ಧರಿಸಿದರು. ಗೋಪುರದ ಎತ್ತರ ಸುಮಾರು 97 ಮೀಟರ್ ಆದುದರಿಂದ ಲೆಕ್ಕವೇನೋ ಸರಿಯಾಗಿದೆ. ಅಡುಗೆಮನೆಯಲ್ಲಿ ಯಾರೂ ಗೋಪುರವನ್ನು ಅಳೆಯಲು ಹೋಗುವುದಿಲ್ಲ. ಲುಕ್ರೇಜಿಯ ಬೋರ್ಜಿಯಳ ಹೊಂಗೂದಲನ್ನು ಕಂಡು ಬಾಣಸಿಗನೊಬ್ಬ ಈ ಪಾಸ್ತಾವನ್ನು ಸೃಷ್ಟಿಸಿದನೆಂಬ ಐತಿಹ್ಯವನ್ನು ಪುಸ್ತಕಗಳು ಗಂಭೀರವಾಗಿ ಉದ್ಧರಿಸುತ್ತವೆಯಾದರೂ ಅದು ಅಗುಸ್ತೊ ಮಾಯಾನಿ ಎಂಬ ಹಾಸ್ಯಚಿತ್ರಕಾರ 1931ರಲ್ಲಿ ಕಟ್ಟಿದ ಕಥೆ.

ಹೂರಣ ತುಂಬುವ ತೊರ್ತೆಲ್ಲೀನಿಗೆ ಮಾತ್ರ ಹಾಳೆಯನ್ನು ಆರಲು ಬಿಡಕೂಡದು. ಅಂಚುಗಳು ಒಣಗಿದರೆ ಅಂಟಿಕೊಳ್ಳವು. ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ, ಒಂದೊಂದರ ನಡುವೆ ಕಡಲೆಕಾಳಿನಷ್ಟು ಹೂರಣವಿಟ್ಟು, ತ್ರಿಕೋನವಾಗಿ ಮಡಿಸಿ ಅಂಚನ್ನೊತ್ತಿ, ಕಿರುಬೆರಳಿಗೆ ಸುತ್ತಿ ಎರಡು ತುದಿಗಳನ್ನು ಕೂಡಿಸಬೇಕು. 1974ರಲ್ಲಿ ಇದರ ಹೂರಣವೂ ವಾಣಿಜ್ಯ ಮಂಡಲಿಯ ದಾಖಲೆಗೆ ಸೇರಿತು: ಹಂದಿಯ ಸೊಂಟದ ಮಾಂಸ, ಪ್ರೊಶ್ಶುತ್ತೊ, ಮೊರ್ತದೆಲ್ಲ, ಪಾರ್ಮಿಜಾನೊ ಗಿಣ್ಣು, ಮೊಟ್ಟೆ, ಜಾಯಿಕಾಯಿ. ಕ್ರಿಸ್‌ಮಸ್ ಸಮಯದಲ್ಲಿ ಮನೆಮಂದಿಯೆಲ್ಲ ಮೇಜಿನ ಸುತ್ತ ಕುಳಿತು ಇವನ್ನು ನೂರುಗಟ್ಟಲೆ ಮಾಡಿ ಹುಂಜದ ಸಾರಿನಲ್ಲಿ ಬೇಯಿಸಿ ಬಡಿಸುತ್ತಾರೆ. ಇದರ ಜನ್ಮಸ್ಥಾನ ಬೊಲೋನ್ಯವೋ ಮೊದೆನವೋ ಎಂಬ ವ್ಯಾಜ್ಯ ಇತ್ಯರ್ಥವಾಗಿಲ್ಲ.

ದಕ್ಷಿಣಕ್ಕೆ ಇಳಿದಂತೆ ಲಟ್ಟಣಿಗೆಯ ಸ್ಥಾನವನ್ನು ಬೆರಳು ಆಕ್ರಮಿಸುತ್ತದೆ. ಪುಲಿಯದಲ್ಲಿ ಡ್ಯೂರಮ್ ರವೆಯನ್ನು ಮತ್ತೊಮ್ಮೆ ಬೀಸಿ, ಅದರ ತೂಕದ ಅರ್ಧದಷ್ಟು ಬೆಚ್ಚನೆಯ ನೀರಿನಿಂದ ಕಲಸಿ, ಬೆರಳುಗಾತ್ರದ ಬತ್ತಿ ಹೊಸೆದು, ತುಂಡರಿಸಿ, ಪ್ರತಿಯೊಂದು ತುಂಡನ್ನೂ ಮೊಂಡು ಚಾಕುವಿನಿಂದ ಹಲಗೆಯ ಮೇಲೆ ತನ್ನತ್ತ ಎಳೆದು ಹೆಬ್ಬೆರಳಿನ ಮೇಲೆ ಮಗುಚಿದರೆ ಪುಟ್ಟ ಬಟ್ಟಲಿನಾಕಾರದ ಒರೆಕ್ಯೆತ್ತೆ ಆಗುತ್ತದೆ. ಬಾರಿ ನಗರದ ಹಳೆಯ ಓಣಿಗಳಲ್ಲಿ ಸ್ತ್ರೀಯರು ಬಾಗಿಲ ಮುಂದೆಯೇ ಕುಳಿತು ಇದನ್ನು ಮಾಡಿ ಮಾರುತ್ತಾರೆ. ಕಲಾಬ್ರಿಯದಲ್ಲಿ ತೆಳುವಾದ ಕಬ್ಬಿಣದ ಕಡ್ಡಿಯ ಸುತ್ತ ಹೊಸೆದು ಕಡ್ಡಿಯನ್ನು ಸೆಳೆದುಬಿಡುತ್ತಾರೆ. ಅಬ್ರುತ್ಸೊದಲ್ಲಿ ತಂತಿ ಬಿಗಿದ ಚೌಕಟ್ಟಿನ ಮೇಲೆ ಹಾಳೆಯನ್ನು ಹರಡಿ ಲಟ್ಟಣಿಗೆಯಿಂದ ಒತ್ತಿ ಎಳೆಗಳಾಗಿ ಬೀಳಿಸುತ್ತಾರೆ. ಇವೆಲ್ಲವನ್ನೂ ಮೀರಿಸುವುದು ಸಾರ್ಡೀನಿಯ ದ್ವೀಪದ ನೂವೊರೊ ಪಟ್ಟಣದ ಸು ಫಿಲಿಂದೆವು. ರವೆ, ನೀರು, ಉಪ್ಪು ಇಷ್ಟೇ ಸಾಮಗ್ರಿ. ಕಣಕವನ್ನು ಎರಡೂ ಕೈಗಳಿಂದ ಉದ್ದಕ್ಕೆಳೆದು ಮಡಿಸಿ ಮತ್ತೆ ಎಳೆಯುವುದು. ಬಿಗಿ ಸಾಲದೆಂದು ಕಂಡರೆ ಉಪ್ಪುನೀರಿನಲ್ಲಿ, ಒಣಗಿತೆಂದು ಕಂಡರೆ ಬರಿಯ ನೀರಿನಲ್ಲಿ ಬೆರಳದ್ದುವುದು. 8 ಸಲ ಇಮ್ಮಡಿಸಿದಾಗ ಎಳೆಗಳು 256 ಆಗುತ್ತವೆ. ಇವನ್ನು ದುಂಡು ತಟ್ಟೆಯ ಮೇಲೆ ಓರೆಯೋರೆಯಾಗಿ ಮೂರು ಪದರ ಹಾಸಿ ಒಣಗಿಸಿದರೆ ನೆಯ್ದ ಬಟ್ಟೆಯಂಥ ಹಾಳೆಯಾಗುತ್ತದೆ. ಲೂಲ ಗ್ರಾಮದ ಸಂತ ಫ್ರಾನ್ಸಿಸನ ಉತ್ಸವಕ್ಕೆ ನಡೆದುಬರುವ ಯಾತ್ರಿಕರಿಗೆ ಇದನ್ನು ಮುರಿದು ಕುರಿಮಾಂಸದ ಸಾರಿನಲ್ಲಿ ಬೇಯಿಸಿ ಬಡಿಸುವುದು ಸಂಪ್ರದಾಯ. ಈ ವಿದ್ಯೆಯನ್ನು ಬಲ್ಲ ಕೈಗಳು ಈಗ ಬಹಳ ಕೆಲವೇ.

ಬೇಯಿಸುವ ಕ್ರಮ ಸರಳ. 100 ಗ್ರಾಮ್ ಪಾಸ್ತಾಕ್ಕೆ 1 ಲೀಟರ್ ನೀರು, 10 ಗ್ರಾಮ್ ಉಪ್ಪು ಎಂಬುದು ಇಟಲಿಯಲ್ಲಿ ಮಕ್ಕಳಿಗೂ ತಿಳಿದ ಲೆಕ್ಕ. ಹಸಿಯ ಮೊಟ್ಟೆಪಾಸ್ತಾ 2-3 ನಿಮಿಷಗಳಲ್ಲಿ ಬೇಯುತ್ತದೆ. ದಪ್ಪವಾದ ಒರೆಕ್ಯೆತ್ತೆಗೆ ಹೆಚ್ಚು ಕಾಲ ಬೇಕು. ಬಸಿಯುವ ಮುನ್ನ ಪಿಷ್ಟ ಬೆರೆತ ನೀರನ್ನು ಒಂದು ಬಟ್ಟಲಷ್ಟು ತೆಗೆದಿಟ್ಟುಕೊಂಡು ವ್ಯಂಜನಕ್ಕೆ ಸೇರಿಸಿದರೆ ಕೊಬ್ಬೂ ನೀರೂ ಒಂದಾಗಿ ಎಳೆಗಳನ್ನು ಆವರಿಸುತ್ತವೆ. ವ್ಯಂಜನದ ಆಯ್ಕೆಯಲ್ಲಿಯೂ ಪ್ರಾಂತಧರ್ಮವುಂಟು: ತಾಲ್ಯತೆಲ್ಲೆಗೆ ಮಾಂಸವನ್ನು ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಿದ ರಾಗು, ಒರೆಕ್ಯೆತ್ತೆಗೆ ಆಲಿವ್ ಎಣ್ಣೆಯಲ್ಲಿ ಬಾಡಿಸಿದ ಕಹಿಸೊಪ್ಪು. ಬೊಲೋನ್ಯದ ಹೆಸರಿನಲ್ಲಿ ಹೊರದೇಶಗಳಲ್ಲಿ ಬಡಿಸುವ ರಾಗು ಸುರಿದ ಸ್ಪಗೆಟ್ಟಿಯನ್ನು ಆ ನಗರ ತನ್ನದೆಂದು ಒಪ್ಪುವುದಿಲ್ಲ.

ಮೊಟ್ಟೆ ಸೇರಿದ ಹಸಿ ಪಾಸ್ತಾ ಬೇಗ ಕೆಡುವುದರಿಂದ ಅದನ್ನು ಅಂದೇ ಬಳಸುವುದು ಉತ್ತಮ. ಹಿಟ್ಟು ಉದುರಿಸಿ, ಮುಚ್ಚಿ, ಶೀತಪೆಟ್ಟಿಗೆಯಲ್ಲಿಟ್ಟರೆ ಒಂದೆರಡು ದಿನ ತಾಳುತ್ತದೆ. ಹೂರಣದ ಪಾಸ್ತಾವನ್ನು ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿ ಹೆಪ್ಪುಗಟ್ಟಿಸಿ, ಆಮೇಲೆ ಒಟ್ಟುಗೂಡಿಸಿಟ್ಟು, ಬೇಕಾದಾಗ ಕರಗಿಸದೆ ನೇರವಾಗಿ ಕುದಿಯುವ ಸಾರಿಗೆ ಹಾಕಬೇಕು. ನಮ್ಮ ಕರಾವಳಿಯಂಥ ತೇವದ ಹವೆಯಲ್ಲಿ ಮೊಟ್ಟೆಯ ಪಾಸ್ತಾವನ್ನು ಶಾವಿಗೆಯ ರೀತಿಯಲ್ಲಿ ಹೊರಗೆ ಹರವಿ ಒಣಗಿಸುವುದು ಅಪಾಯಕರ. ನೀರಿನಿಂದ ಕಲಸಿದ ರವೆಯ ಪಾಸ್ತಾವನ್ನು ಒಣಹವೆಯಲ್ಲಿ ನೆರಳಿನ ಕಡೆ ಆರಿಸಿಡಬಹುದು.