ಆಂಟೆನಾಗೂ ಒಂದಿಷ್ಟು ಜಾಗ ಬಿಡಿ

ಸಾಫ್ಟ್‌ವೇರ್ ಬರೆಯುವ ನಮ್ಮಂಥವರಿಗೆ ಒಂದು ನಂಬಿಕೆ ಇದೆ: ಇವತ್ತು ದೊಡ್ಡದಿರೋದು ನಾಳೆ ಚಿಕ್ಕದಾಗೇ ಆಗುತ್ತೆ ಅಂತ. ಚಿಪ್ ಚಿಕ್ಕದಾಯಿತು, ಮೆಮೊರಿ ಚಿಕ್ಕದಾಯಿತು. ಆದರೆ ನಿಮ್ಮ ಸ್ಮಾರ್ಟ್‌ವಾಚ್, ಇಯರ್‌ಬಡ್ ಒಳಗೆ ಕೂತಿರುವ ಒಂದು ತುಂಡು ತಾಮ್ರ ಮಾತ್ರ ಈ ನಂಬಿಕೆಗೆ ಸೊಪ್ಪು ಹಾಕಲ್ಲ. ಅದೇ ಆಂಟೆನಾ. ಅದರ ಹಟಕ್ಕೆ ನೂರು ವರ್ಷಕ್ಕೂ ಹಳೆಯ ಕಥೆ ಇದೆ.

ಆಂಟೆನಾದ ಅಳತೆಯನ್ನು ನಿರ್ಧರಿಸೋದು ರೇಡಿಯೋ ಅಲೆಯ ಉದ್ದ. ಅಲೆಯ ಕಾಲು ಭಾಗದಷ್ಟು ಉದ್ದದ ತಂತಿ ಇದ್ದರೆ ಕೆಲಸ ಸಲೀಸು. ಕಲ್ಕತ್ತಾದಲ್ಲಿ 1890ರ ದಶಕದಲ್ಲಿ ಜಗದೀಶಚಂದ್ರ ಬೋಸ್ ಬಳಸಿದ ಅಲೆಗಳ ಉದ್ದ ಕೆಲವೇ ಮಿಲಿಮೀಟರ್. ಹಾಗಾಗಿ ಅವರ ಉಪಕರಣ ಮೇಜಿನ ಮೇಲೇ ಹಿಡಿಸುತ್ತಿತ್ತು. ದೂರ ತಲುಪಬೇಕೆಂದಿದ್ದ ಮಾರ್ಕೋನಿ ಉದ್ದನೆಯ ಅಲೆಗಳ ಹಿಂದೆ ಹೋದರು. 1901ರ ಡಿಸೆಂಬರ್ 12ರಂದು ನ್ಯೂಫೌಂಡ್‌ಲ್ಯಾಂಡ್‌ನ ಗುಡ್ಡದ ಮೇಲೆ ಗಾಳಿಪಟಕ್ಕೆ ಸುಮಾರು 150 ಮೀಟರ್ ತಂತಿ ಕಟ್ಟಿ ಹಾರಿಸಿ, ಅಟ್ಲಾಂಟಿಕ್‌ನ ಆಚೆಯಿಂದ ಬಂದ ಸಂಕೇತ ಕೇಳಿಸಿತು ಅಂದರು.

ಹಾಗಾದರೆ ನಮ್ಮೂರ ಮನೆಗಳ ಟ್ರಾನ್ಸಿಸ್ಟರ್ ಹೇಗೆ ಹಾಡುತ್ತಿತ್ತು? ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಅಲೆಯ ಉದ್ದ ಸುಮಾರು 490 ಮೀಟರ್. ರೇಡಿಯೋದ ಹಿಂಬದಿ ಮುಚ್ಚಳ ಬಿಚ್ಚಿದರೆ ಕಾಣುತ್ತಿದ್ದದ್ದು ತಾಮ್ರದ ತಂತಿ ಸುತ್ತಿದ ಗೇಣುದ್ದದ ಕರಿ ಫೆರೈಟ್ ಕಡ್ಡಿ. ರೇಡಿಯೋ ತಿರುಗಿಸಿದರೆ ದನಿ ಏರಿಳಿಯುತ್ತಿದ್ದದ್ದೂ ಆ ಕಡ್ಡಿಯಿಂದಲೇ. ಕೇಳೋದಕ್ಕೆ ಅದು ಸಾಕು, ಯಾಕಂದ್ರೆ ಆ ಕಡೆ ನಿಲಯ ಕಿಲೋವ್ಯಾಟ್‌ಗಟ್ಟಲೆ ಶಕ್ತಿಯಲ್ಲಿ ಕೂಗುತ್ತಿರುತ್ತೆ. ಅದೇ ಕಡ್ಡಿಯಿಂದ ವಾಪಸ್ ಕೂಗಲು ಹೋದರೆ ಕೊಟ್ಟ ಶಕ್ತಿಯ ಬಹುಪಾಲು ಬಿಸಿಯಾಗಿ ಹಾಳಾಗುತ್ತೆ.

ಚಿಕ್ಕ ಸಾಧನವೂ ಮಾತಾಡಲೇಬೇಕಾದ ಪ್ರಸಂಗ ಎರಡನೇ ಮಹಾಯುದ್ಧದಲ್ಲಿ ಬಂತು. ವಿಮಾನದ ಹತ್ತಿರ ಬಂದೊಡನೆ ತಾನೇ ಸಿಡಿಯುವ ಫಿರಂಗಿ ಗುಂಡಿನ ತುದಿಯಲ್ಲಿ ಪುಟ್ಟ ರೇಡಿಯೋ ಇಟ್ಟರು. ಉದ್ದ ತಂತಿಗೆ ಜಾಗವೆಲ್ಲಿ? ಗುಂಡಿನ ಲೋಹದ ಮೈಯನ್ನೇ ಆಂಟೆನಾ ಮಾಡಿಕೊಂಡರು. 1943ರ ಜನವರಿಯಲ್ಲಿ ಅಮೆರಿಕದ ಹೆಲೆನಾ ಯುದ್ಧನೌಕೆ ಇದನ್ನು ಮೊದಲ ಬಾರಿಗೆ ಕದನದಲ್ಲಿ ಬಳಸಿತು.

ಎಷ್ಟು ಚಿಕ್ಕದು ಮಾಡಬಹುದು ಅನ್ನುವ ಲೆಕ್ಕ ಸಿಕ್ಕಿದ್ದು ಯುದ್ಧ ಮುಗಿದ ಮೇಲೆ. 1947ರಲ್ಲಿ ಹೆರಾಲ್ಡ್ ವೀಲರ್, 1948ರಲ್ಲಿ ಎಲ್. ಜೆ. ಚು ಬರೆದ ಪ್ರಬಂಧಗಳ ಸಾರ ಇಷ್ಟು: ಚಿಕ್ಕ ಅಳತೆ, ಒಳ್ಳೆ ದಕ್ಷತೆ, ಅಗಲವಾದ ಬ್ಯಾಂಡ್‌ವಿಡ್ತ್, ಈ ಮೂರೂ ಒಟ್ಟಿಗೆ ಸಿಗಲ್ಲ. ಅಲೆಗಿಂತ ತೀರಾ ಚಿಕ್ಕದಾದ ಆಂಟೆನಾವನ್ನು ಇನ್ನೂ ಅರ್ಧಕ್ಕಿಳಿಸಿ, ದಕ್ಷತೆ ಕಳೆದುಕೊಳ್ಳಬಾರದು ಅಂದರೆ, ಬ್ಯಾಂಡ್‌ವಿಡ್ತಿನ ಗರಿಷ್ಠ ಮಿತಿ ಸುಮಾರು ಎಂಟನೇ ಒಂದು ಭಾಗಕ್ಕಿಳಿಯುತ್ತೆ. ಬ್ಯಾಂಡ್‌ವಿಡ್ತ್ ಕಿರಿದಾದಷ್ಟೂ ಕೈ ತಾಗಿದರೆ, ಒದ್ದೆ ಎಲೆ ಅಂಟಿದರೆ ಟ್ಯೂನ್ ತಪ್ಪುತ್ತೆ. ಈ ಮಿತಿಯನ್ನು ಯಾವ ಅಪ್‌ಡೇಟೂ ದಾಟಿಸಲ್ಲ.

ಇವತ್ತಿನ ಬ್ಲೂಟೂತ್, ವೈಫೈಗಳ 2.4 ಗಿಗಾಹರ್ಟ್ಸ್ ಅಲೆ ಸುಮಾರು 12.5 ಸೆಂಟಿಮೀಟರ್, ಅದರ ಕಾಲು ಭಾಗ 3 ಸೆಂಟಿಮೀಟರ್ ಚಿಲ್ಲರೆ. ಅದನ್ನು ಸರ್ಕ್ಯೂಟ್ ಬೋರ್ಡಿನ ಅಂಚಿನಲ್ಲಿ ಹಾವಿನ ಹಾಗೆ ಮಡಚಿಯೋ, ತಲೆಕೆಳಗಾದ ಇಂಗ್ಲಿಷ್ 'ಎಫ್' ಅಕ್ಷರದ ಹಾಗೋ ಕೊರೆಯುತ್ತಾರೆ. ಉಳಿದರ್ಧ ಕೆಲಸ ಮಾಡೋದು ಬೋರ್ಡಿನ ಗ್ರೌಂಡ್ ತಾಮ್ರ. ಅದೇ ಫಿರಂಗಿ ಗುಂಡಿನ ಉಪಾಯ! ಆದ್ದರಿಂದ ಬೋರ್ಡ್ ಕತ್ತರಿಸಿದರೆ ಆಂಟೆನಾಗೂ ಕತ್ತರಿ ಬೀಳುತ್ತೆ.

ನಾನಿದ್ದ ಒಂದು ತಂಡದಲ್ಲಿ ಅಡಿಕೆ ತೋಟದ ಮಣ್ಣಿನ ತೇವ ಅಳೆಯುವ ಡಬ್ಬಿ ಮಾಡುತ್ತಿದ್ದೆವು. ದೂರ ಹೋಗಲಿ ಅಂತ ಆರಿಸಿದ್ದು ನಮ್ಮ ದೇಶದಲ್ಲಿ ಲೈಸೆನ್ಸ್ ಬೇಡದ 865–867 ಮೆಗಾಹರ್ಟ್ಸ್. ಅಲ್ಲಿ ಅಲೆಯ ಕಾಲು ಭಾಗವೇ ಎಂಟೂವರೆ ಸೆಂಟಿಮೀಟರ್ ದಾಟುತ್ತೆ. ಡಬ್ಬಿ ಬೆಂಕಿಪೊಟ್ಟಣದಷ್ಟಿರಲಿ ಅಂತ ಮೇಲಿನವರ ಆಸೆ. ಹಾರ್ಡ್‌ವೇರ್ ನೋಡಿಕೊಳ್ಳುತ್ತಿದ್ದ ಹಿರಿಯರು ಬೋರ್ಡಿನ ಒಂದು ಮೂಲೆ ತೋರಿಸಿ, "ಇಲ್ಲಿ ಏನೂ ಇಡಬೇಡಿ, ಖಾಲಿ ಬಿಡಿ" ಅಂತ ಪ್ರತಿ ಮೀಟಿಂಗಲ್ಲೂ ಹೇಳೋರು. ಕೊನೆಗೆ ಖಾಲಿ ಬಿಟ್ಟೆವು, ಡಬ್ಬಿ ಅಂಗೈಯಷ್ಟಾಯಿತು.

ದೊಡ್ಡದಾದರೂ ಅದೇ ಸರಿ ಅಂತ ನನಗೀಗಲೂ ಅನ್ನಿಸುತ್ತೆ. ಸಿಗ್ನಲ್ ಸಿಗದ ಸಾಧನ ಅದೇ ಸಂದೇಶವನ್ನು ಮತ್ತೆ ಮತ್ತೆ ಕಳಿಸುತ್ತೆ, ಬ್ಯಾಟರಿ ತಿನ್ನುತ್ತೆ. ಆಮೇಲೆ ಮಳೆಯಲ್ಲಿ ಜಾರುವ ಬದು ಹತ್ತಿ ಬ್ಯಾಟರಿ ಬದಲಿಸಬೇಕಾದವರು ಆಫೀಸಿನಲ್ಲಿ ಕೂತ ನಾವಲ್ಲ, ತೋಟದವರು.