ಓಟ ನಿಂತ ಮೇಲೆ ಬರುವ ಉಬ್ಬಸ

ಕ್ಲೈನ್‌ಬರ್ಗ್‌ನ ಚಳಿಯಲ್ಲಿ ಆಡಿ ಬಂದ ಮಗು ಕೆಮ್ಮತೊಡಗಿದರೆ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವ ಮಾತು "ಥಂಡಿ ಹತ್ತಿದೆ" ಎಂಬುದು. ಅದು ಉಬ್ಬಸವಿರಬಹುದೆಂಬ ಸಂಶಯವನ್ನು ನಾವು ಬಾಯಿಬಿಟ್ಟು ಆಡುವುದು ವಿರಳ.

ಈ ಗೊಂದಲ ಹೊಸದಲ್ಲ. ಚರಕಸಂಹಿತೆಯು ಶ್ವಾಸರೋಗವನ್ನು ಐದು ಬಗೆಯಾಗಿ ವಿಂಗಡಿಸಿ, ಇಂದಿನ ಅಸ್ತಮಾವನ್ನು ಹೋಲುವ ತಮಕಶ್ವಾಸವನ್ನು, ಆಯಾಸದಿಂದ ಹುಟ್ಟುವ ಕ್ಷುದ್ರಶ್ವಾಸದಿಂದ ಬೇರ್ಪಡಿಸಿತ್ತು. ಸಹಜವಾದ ಏದುಸಿರು ವಿಶ್ರಮಿಸಿದೊಡನೆ ಇಳಿಯುತ್ತದೆ. ಶ್ವಾಸನಾಳದ ಸಂಕೋಚನವಾದರೋ ಸಾಮಾನ್ಯವಾಗಿ ಓಟ ನಿಂತ ಐದು ಹತ್ತು ನಿಮಿಷಗಳಲ್ಲಿ ಉಲ್ಬಣಿಸುತ್ತದೆ. ಬಾಯಿಂದ ಸೆಳೆದುಕೊಂಡ ಒಣಗಾಳಿ ನಾಳದ ಒಳಪದರದ ತೇವವನ್ನು ಹೀರುತ್ತದೆ. ಅಲ್ಲಿನ ಕೋಶಗಳು ಹಿಸ್ಟಮಿನ್ ಮೊದಲಾದ ದ್ರವ್ಯಗಳನ್ನು ಹೊರಬಿಡುತ್ತವೆ. ಸುತ್ತಲಿನ ಸ್ನಾಯು ಬಿಗಿಯುತ್ತದೆ. ಕೆನಡಾದ ಚಳಿಗಾಲದ ಗಾಳಿಯಲ್ಲಿ ತೇವಾಂಶ ಅತ್ಯಲ್ಪ.

ಆದರೆ ವೈದ್ಯರ ಮುಂದೆ ಕುಳಿತ ಮಗುವಿನ ಎದೆಯಲ್ಲಿ ಯಾವ ಸದ್ದೂ ಕೇಳಿಸದಿರಬಹುದು. 1846ರಲ್ಲಿ ಜಾನ್ ಹಚಿನ್ಸನ್ ಪ್ರಕಟಿಸಿದ ಸ್ಪೈರೋಮೀಟರ್ ಉಸಿರನ್ನು ಅಳೆಯಬಲ್ಲದು, ಅಡಗಿದ ರೋಗವನ್ನು ತಾನಾಗಿ ಹೊರಗೆಳೆಯಲಾರದು. ಆ ಕಾರ್ಯಕ್ಕೆ ವ್ಯವಸ್ಥಿತ ವಿಧಾನವೊಂದು ದೊರೆತುದು ನಮಗೆ ಸಮೀಪದ ಹ್ಯಾಮಿಲ್ಟನ್‌ನಲ್ಲಿ. ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಡೊನಾಲ್ಡ್ ಕಾಕ್‌ಕ್ರಾಫ್ಟ್, ಫ್ರೆಡಿ ಹಾರ್ಗ್ರೀವ್ ಮತ್ತು ಸಂಗಡಿಗರು 1977ರಲ್ಲಿ ಅದನ್ನು ಪ್ರಕಟಿಸಿದರು. ಹಿಸ್ಟಮಿನ್ನನ್ನು ಅತ್ಯಲ್ಪ ಪ್ರಮಾಣದಿಂದ ಆರಂಭಿಸಿ ಹಂತಹಂತವಾಗಿ ಉಸಿರಿನೊಡನೆ ಕೊಟ್ಟು, ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ ಶೇ. 20ರಷ್ಟು ಕುಸಿಯುವ ಹಂತವನ್ನು ಗುರುತಿಸುವುದು ಅದರ ಕ್ರಮ. ಇಂದು ಹಿಸ್ಟಮಿನ್ನಿನ ಬದಲು ಹೆಚ್ಚಾಗಿ ಮೆಥಕೋಲಿನ್ ಬಳಕೆಯಲ್ಲಿದೆ. ವ್ಯಾಯಾಮದ ಉಬ್ಬಸಕ್ಕೆ ಇನ್ನೂ ನೇರವಾದ ದಾರಿಯುಂಟು: ಆರೆಂಟು ನಿಮಿಷ ಓಡಿಸಿ, ಮತ್ತೆ ಮತ್ತೆ ಊದಿಸಿ, ಅದೇ ಅಳತೆ ಶೇ. 10 ಅಥವಾ ಹೆಚ್ಚು ಇಳಿಯಿತೇ ಎಂದು ನೋಡುವುದು.

ಅತ್ತ ಬೆಂಗಳೂರಿನಲ್ಲಿ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು ತಮ್ಮ ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕವಿಟ್ಟರು. 1979ರಲ್ಲಿ ಶೇ. 9ರಷ್ಟಿದ್ದ ಅಸ್ತಮಾ 1999ರಲ್ಲಿ ಶೇ. 29.5ಕ್ಕೆ ಏರಿತ್ತು. ಆಸ್ಪತ್ರೆಯ ಅಂಕಿ ಇಡೀ ಊರಿನ ಅಂಕಿಯಲ್ಲ, ನಿಜ. ಆದರೂ ವಾಹನಗಳ ಹೊಗೆ ಹೆಚ್ಚಿದ ಆ ಇಪ್ಪತ್ತು ವರ್ಷಗಳಲ್ಲೇ ನಮ್ಮಲ್ಲಿ ಅನೇಕರು ಅಲ್ಲಿ ಬೆಳೆದವರು.

ಪಫರ್ ಹಿಡಿದರೆ ಚಟವಾಗುತ್ತದೆ, ಹೆಣ್ಣುಮಗಳಿಗೆ ಉಬ್ಬಸವೆಂದು ತಿಳಿದರೆ ಸಂಬಂಧ ಕೂಡಿಬರುವುದಿಲ್ಲ ಎಂಬ ಹಳೆಯ ಅಂಜಿಕೆಗಳನ್ನು ನಾವು ಜೊತೆಗೇ ತಂದೆವು. ಮೊದಲನೆಯದು ಸುಳ್ಳು, ಎರಡನೆಯದು ನಮ್ಮದೇ ಸೃಷ್ಟಿ. 2012ರಲ್ಲಿ ಒಂಟಾರಿಯೊದ 12 ವರ್ಷದ ಶಾಲಾಬಾಲಕನೊಬ್ಬ ಉಬ್ಬಸದಿಂದ ತೀರಿಕೊಂಡನು. ಅವನ ತಾಯಿಯ ಹೋರಾಟದ ಫಲವಾಗಿ 2015ರಲ್ಲಿ 'ರಯಾನ್ ಕಾನೂನು' ಬಂದಿತು. ತಂದೆತಾಯಿಯರ ಒಪ್ಪಿಗೆಯಿದ್ದರೆ ವಿದ್ಯಾರ್ಥಿಯು ಪಫರನ್ನು ತನ್ನ ಬಳಿಯೇ ಇಟ್ಟುಕೊಳ್ಳಲು ಮುಖ್ಯೋಪಾಧ್ಯಾಯರು ಬಿಡಲೇಬೇಕು. ಹದಿನಾರು ತುಂಬಿದವರಿಗೆ ಆ ಒಪ್ಪಿಗೆಯೂ ಬೇಡ. ಅದಕ್ಕಿಂತ ಕಿರಿಯರ ಪಾಲಿಗೆ ಆ ಒಪ್ಪಿಗೆಯನ್ನು ಬರೆದುಕೊಡಬೇಕಾದವರು ನಾವು.